ಬಳೆಯ ಹಾಜರಾಬಿ ಮತ್ತು ವಂಶ ಬರೆಯುವ ರಾಯರು

ವಾಮನರಾಯರು ಶಿಗ್ಗಾಂವಿಗೆ ಬಂದು ಎಂಟು ದಿನವಾಗಿತ್ತು. ಇನ್ನೂ ಒಬ್ಬ ಹೆಣ್ಣುಮಗಳು ಅವರಿಗೆ ತನ್ನ ಮನೆಯವರ ಹೆಸರು ಹೇಳಿರಲಿಲ್ಲ. ಗಂಡಸರು ಹೇಳಿದರು, ಆದರೆ ಹೇಳಿದ್ದರಲ್ಲಿ ಅರ್ಧ ಸುಳ್ಳು. ಮೂರು ಗಂಡುಮಕ್ಕಳಿದ್ದವನು ಒಬ್ಬನೇ ಎಂದ. ಮೀಸೆ ಬಂದ ಮಗನಿಗೆ ಹನ್ನೆರಡು ವರ್ಷ ಎಂದ ಇನ್ನೊಬ್ಬ; ಆ ಮಗ ಪಕ್ಕದಲ್ಲೇ ನಿಂತು ಮೀಸೆಯ ಮೇಲೆ ಕೈ ಮುಚ್ಚಿಕೊಂಡಿದ್ದ.

ಅವರನ್ನಾದರೂ ಏನೆನ್ನುವುದು? ಅದು ನಲವತ್ತೊಂದನೆಯ ಇಸವಿಯ ಸಂಕ್ರಾಂತಿಯ ಸುಮಾರು. ಯುದ್ಧಕ್ಕೆ ಜನರನ್ನು ಹಿಡಿದುಕೊಂಡು ಹೋಗುತ್ತಾರೆಂಬ ಸುದ್ದಿ ಧಾರವಾಡದಿಂದ ಹೊರಟು ಊರೂರು ದಾಟಿ ಬಂದಿತ್ತು. ಜನ ಎಣಿಸುವ ಖಾನೇಷುಮಾರಿಯವರು ಆಗಷ್ಟೇ ಮನೆಮನೆಯ ಬಾಗಿಲ ಮೇಲೆ ಡಾಂಬರಿನಲ್ಲಿ ನಂಬರು ಬರೆದು ಹೋಗಿದ್ದರು. ಆ ನಂಬರು ಒಣಗುವ ಮೊದಲೇ ಕೋಟು ಟೋಪಿಯ ಮನುಷ್ಯನೊಬ್ಬ ಬಂದು, ನಿಮ್ಮಜ್ಜನ ಹೆಸರೇನು, ಅವನ ಅಪ್ಪನ ಹೆಸರೇನು, ನಿಮ್ಮ ಮನೆಯ ಹೆಣ್ಣು ಯಾವ ಊರಿಗೆ ಹೋಗಿದ್ದಾಳೆ ಎಂದು ಕೇಳಿದರೆ ಯಾರು ತಾನೇ ನಿಜ ಹೇಳುತ್ತಾರೆ?

ರಾಯರು ಮಾತ್ರ ತಾವು ಸರಕಾರದವರಲ್ಲ ಎಂದು ದಿನಕ್ಕೆ ಇಪ್ಪತ್ತು ಸಲ ಹೇಳುತ್ತಿದ್ದರು. ವಿಜಾಪುರದ ಕಡೆಯವರು. ಮುಂಬಯಿಯಲ್ಲಿ ಕಲಿತು, ಮುಂದೆ ವಿಲಾಯತಿಗೂ ಹೋಗಿ, ಏಶಿಯಾ ಆಫ್ರಿಕಾ ಖಂಡಗಳ ಜನರ ಸಂಸಾರದ ವಿಚಾರವನ್ನೇ ಓದಿ ಬಂದವರು. ಯಾವ ಜನ ಯಾರಿಗೆ ಹೆಣ್ಣು ಕೊಡುತ್ತಾರೆ, ಯಾರಿಗೆ ಕೊಡುವುದಿಲ್ಲ, ಸೋದರಮಾವನಿಗೆ ಎಷ್ಟು ಮಾನ, ಅತ್ತೆಯ ಎದುರು ಅಳಿಯ ಕೂಡಬಹುದೋ ಇಲ್ಲವೋ, ಇದನ್ನೆಲ್ಲ ಬರೆದು ಪುಸ್ತಕ ಮಾಡುವುದು ಅವರ ಕೆಲಸ. ಇದಕ್ಕೆ ಯಾರಾದರೂ ಸಂಬಳ ಕೊಡುತ್ತಾರೆಯೇ ಎಂದು ಜನ ಕೇಳಿದರು. ಕೊಡುತ್ತಾರೆ ಎಂದಾಗ ಸಂಶಯ ಇನ್ನಷ್ಟು ಗಟ್ಟಿಯಾಯಿತು.

ಹೀಗಿದ್ದಾಗ ಒಂದು ದಿನ ಹತ್ತಿರದ ಹಳ್ಳಿ ಹಿರೇಬೆಂಡಿಗೇರಿಯ ಕಟ್ಟೆಯ ಮೇಲೆ ಕುಳಿತು ರಾಯರು ಒಂದು ಚೋದ್ಯ ನೋಡಿದರು. ತಮಗೆ ಮುಚ್ಚಿದ್ದ ಅದೇ ಬಾಗಿಲುಗಳಲ್ಲಿ ಒಬ್ಬ ಹೆಂಗಸು, ಹೆಗಲ ಮೇಲೆ ಬಳೆಯ ಸರಗಳನ್ನು ಕಟ್ಟಿದ ಮಲಾರ ಹೊತ್ತು, ಯಾರನ್ನೂ ಕೇಳದೆ ಒಳಗೆ ಹೋಗುತ್ತಿದ್ದಳು. ಕೆಲವು ಮನೆಗಳಿಂದ ನಗು ಕೇಳುತ್ತಿತ್ತು, ಒಂದು ಮನೆಯಿಂದ ಅಳುವೂ ಕೇಳಿತು. ಹೊರಗೆ ಬರುವಾಗ ಆಕೆಯ ಉಡಿಯಲ್ಲಿ ಜೋಳವೋ ಮೆಣಸಿನಕಾಯಿಯೋ ಇರುತ್ತಿತ್ತು.

ಆಕೆಯೇ ಹಾಜರಾಬಿ. ನವಾಬರ ಸಾವಣೂರಿನವಳು. ಗಂಡ ಸತ್ತ ವರ್ಷವೇ ಅವನ ಮಲಾರವನ್ನು ತನ್ನ ಹೆಗಲಿಗೆ ಹಾಕಿಕೊಂಡಳು. ಆಗ ಮೂವತ್ತೂ ಆಗಿರಲಿಲ್ಲ, ಈಗ ಐವತ್ತರ ಹತ್ತಿರ. ಹುಬ್ಬಳ್ಳಿಯಿಂದ ಬಳೆ ತರಿಸಿ ಊರಿನಿಂದ ಹೊರಟರೆ ಶಿಗ್ಗಾಂವ, ಹಾನಗಲ್ಲ, ಅಕ್ಕಿಆಲೂರು ಹಿಡಿದು ಹಿರೇಕೆರೂರಿನ ಆಚೆ ಮಾಸೂರಿನ ತನಕ ಹೋಗಿ ತಿರುಗುವಳು. ದೊಡ್ಡ ಹಬ್ಬಕ್ಕೊಂದು ಸುತ್ತು. ಬಳೆ ಇಡುವಾಗ ಕೈಯನ್ನು ಹಿಸುಕಿ ಹಿಸುಕಿ ಮೆತ್ತಗೆ ಮಾಡಬೇಕು. ಅಷ್ಟು ಹೊತ್ತು ಹೆಣ್ಣುಮಕ್ಕಳು ಸುಮ್ಮನೆ ಕೂಡುವುದಿಲ್ಲ, ಹೊಟ್ಟೆಯಲ್ಲಿದ್ದುದನ್ನೆಲ್ಲ ಹೇಳುತ್ತಾರೆ. ಹಾಜರಾಬಿ ಕೇಳುವಳು, ಹೂಂ ಎನ್ನುವಳು, ಒಂದು ಊರಿನ ಮಾತನ್ನು ಇನ್ನೊಂದು ಊರಿಗೆ ಒಯ್ಯುವಳಲ್ಲ. ಬಳೆ ಇಟ್ಟ ಮೇಲೆ ಮುತ್ತೈದೆಯರು ಮಲಾರಕ್ಕೆ ಕೈಮುಗಿಯುತ್ತಿದ್ದುದಕ್ಕೆ ಅದೂ ಒಂದು ಕಾರಣ ಇದ್ದೀತು.

ರಾಯರು ಆಕೆಯನ್ನು ಕರೆದು ಕೂಡಿಸಿ ತಮ್ಮ ಕಷ್ಟ ಹೇಳಿಕೊಂಡರು. ಗಂಡನ ಹೆಸರು, ಮಾವನ ಹೆಸರು ಹೆಣ್ಣುಮಕ್ಕಳ ಬಾಯಲ್ಲಿ ಬರುವುದಿಲ್ಲ, ಅದು ತಮಗೆ ಗೊತ್ತು. ಆದರೆ ಪಕ್ಕದಲ್ಲಿದ್ದವರು ಹೇಳಬಹುದಲ್ಲ. ನೀವು ಒಳಗೆ ಹೋಗಿ ಕೇಳಿ, ಹೊರಗೆ ಬಂದು ಹೇಳಿ, ನಾನು ಕಟ್ಟೆಯ ಮೇಲೆ ಕುಳಿತು ಬರೆದುಕೊಳ್ಳುತ್ತೇನೆ ಎಂದರು. ತಾನು ಬಳೆ ಮಾರುವವಳೇ ಹೊರತು ಮಂದಿಯ ಮನೆಯ ಹೆಸರು ಮಾರುವವಳಲ್ಲ ಎಂದು ಹಾಜರಾಬಿ ಎದ್ದಳು. ರಾಯರು ಒತ್ತಾಯ ಮಾಡಲಿಲ್ಲ. ಹಾಗಾದರೆ ಬೇರೆ ಯಾರನ್ನಾದರೂ ನೋಡುತ್ತೇನೆ. ಹಿರೇಬೆಂಡಿಗೇರಿಯಿಂದ ಶುರು ಮಾಡಿ ಹಾನಗಲ್ಲ ಸೀಮೆ ಮುಗಿಸಿ ಕೊನೆಗೆ ಮಾಸೂರಿಗೆ ಹೋಗಬೇಕು ಎಂದು ಸಹಜವಾಗಿ ಹೇಳಿದರು.

ಹಿರೇಬೆಂಡಿಗೇರಿ, ಮಾಸೂರು. ಈ ಎರಡು ಹೆಸರನ್ನು ಒಬ್ಬರ ಬಾಯಲ್ಲಿ ಒಟ್ಟಿಗೆ ಕೇಳಿ ಹದಿನೇಳು ವರ್ಷವಾಗಿತ್ತು. ಹಾಜರಾಬಿ ಮತ್ತೆ ಕೆಳಗೆ ಕುಳಿತಳು.

ಹಿರೇಬೆಂಡಿಗೇರಿಯಲ್ಲಿ ಭರಮಪ್ಪ ಎಂಬವನ ಹೆಂಡತಿ ಗುತ್ತೆವ್ವ. ಊರಿನವರು ತಿಳಿದಂತೆ ಆಕೆ ಮೊದಲ ಗಂಡ ಸತ್ತ ಮೇಲೆ ಭರಮಪ್ಪನಿಗೆ ಉಡಿಕೆಯಾಗಿ ಬಂದವಳು. ಗಂಡ ಸತ್ತವಳು ಹಾಗೆ ಮತ್ತೊಬ್ಬನ ಕೈಹಿಡಿಯುವುದು ಅವರ ಜಾತಿಯಲ್ಲಿ ಸಲ್ಲುವ ಮಾತು. ಆದರೆ ಆ ಮೊದಲ ಗಂಡ ಸತ್ತಿರಲಿಲ್ಲ. ಮಾಸೂರಿನಲ್ಲಿ ಗಟ್ಟಿಮುಟ್ಟಾಗಿದ್ದ. ಗಿರಿಯಪ್ಪ ಎಂದು ಅವನ ಹೆಸರು. ಒಂದು ವರ್ಷ ಪಂಚಮಿಯ ಬಳೆ ಇಡಲು ಹೋದ ಹಾಜರಾಬಿ ಆ ಮನೆಯ ಸೊಸೆಯ ಎಡಗೈ ಹಿಡಿದಾಗ ಹುಡುಗಿ ಉಸಿರು ಬಿಗಿಹಿಡಿದಳು. ಮಣಿಕಟ್ಟಿನ ಎಲುಬು ಮುರಿದು ಸೊಟ್ಟಗೆ ಕೂಡಿತ್ತು. ಗಂಡ ಕೊಟ್ಟ ಒನಕೆಯ ಪೆಟ್ಟು. ಅದು ಮೊದಲನೆಯದಲ್ಲ ಎಂಬುದು ಬೆನ್ನು ನೋಡಿದಾಗ ತಿಳಿಯಿತು. ಮೂರನೆಯ ದಿನ ಹೊಳೆಗೆ ಬಟ್ಟೆ ಒಗೆಯಲು ಹೋದ ಹುಡುಗಿ ಹಾಜರಾಬಿಯ ಹಳೆಯ ಸೀರೆ ಉಟ್ಟು, ಅರ್ಧ ಮಲಾರ ಹೊತ್ತು, ಬಳೆಗಾರಳ ತಂಗಿಯಾಗಿ ಹಾನಗಲ್ಲ ದಾಟಿದಳು. ಬಟ್ಟೆಗಳು ಹೊಳೆಯ ದಂಡೆಯ ಮೇಲೆ ಉಳಿದವು. ಹುಡುಗಿಗೆ ಅಪ್ಪ ಅವ್ವ ಇರಲಿಲ್ಲ. ಇದ್ದ ಒಬ್ಬ ಚಿಕ್ಕಪ್ಪ ಮತ್ತೆ ಮಾಸೂರಿಗೇ ಕಳಿಸುವವನು. ಹೆಂಡತಿ ಸತ್ತು ಒಬ್ಬನೇ ಇದ್ದ ಭರಮಪ್ಪನಿಗೆ ಹಾಜರಾಬಿ ನಿಜ ಹೇಳಿಯೇ ಆಕೆಯನ್ನು ಒಪ್ಪಿಸಿದಳು. ಊರಿಗೆ ಮಾತ್ರ ಸುಳ್ಳು ಹೇಳಿದರು.

ಹೆಂಡತಿಯನ್ನು ಬಿಟ್ಟೆನೆಂದು ಬರೆದುಕೊಡುವ ಸೋಡಚೀಟಿಯನ್ನು ಗಿರಿಯಪ್ಪ ಕೊಟ್ಟಿರಲಿಲ್ಲ. ಅದಿಲ್ಲದೆ ಜೀವಂತ ಗಂಡನನ್ನು ಬಿಟ್ಟು ಬಂದವಳೆಂದು ಗೊತ್ತಾದರೆ ಜಾತಿಯ ಪಂಚರು ಆ ಉಡಿಕೆಯನ್ನು ಒಪ್ಪುವುದಿಲ್ಲ. ಭರಮಪ್ಪನ ಮನೆಗೆ ಜಾತಿಯವರ ಬೆಂಕಿ ನೀರು ನಿಲ್ಲುತ್ತದೆ. ಹದಿನಾರು ತುಂಬಿದ ಮಗಳು ಶಾರವ್ವ ಯಾರ ಮಗಳೂ ಅಲ್ಲದವಳಾಗುತ್ತಾಳೆ. ಅದೇ ಬೇಸಿಗೆಗೆ ಶಾರವ್ವನ ಲಗ್ನ ಅಕ್ಕಿಆಲೂರಿನ ಕಡೆ ಗೊತ್ತಾಗಿತ್ತು.

ಒಲ್ಲೆ ಎಂದರೆ ಈ ಮನುಷ್ಯ ಬೇರೆ ಯಾರನ್ನೋ ಹಿಡಿದು ಕೇಳಿಯೇ ಕೇಳುತ್ತಾನೆ. ತನ್ನ ಬಾಯಿಂದಲೇ ಹೋದರೆ ಏನು ಹೋಯಿತು, ಏನು ಉಳಿಯಿತು ಎಂಬುದಾದರೂ ತನಗೆ ಗೊತ್ತಿರುತ್ತದೆ. ಹೀಗೆಂದುಕೊಂಡು ಹಾಜರಾಬಿ ಮಾತು ಬದಲಿಸಿದಳು.

“ನಾ ಕೇಳಿ ಹೇಳ್ತೇನ್ರಿ ರಾಯರ. ಆದ್ರ ನೀವು ಏನ ಬರದ್ರಿ ಅನ್ನೂದನ್ನ ನನಗ ತೋರಸಬೇಕು.”

“ನಿಮಗ ಓದಾಕ ಬರ್ತೈತೇನು?”

“ಬರೂದಿಲ್ಲ. ನೀವು ಕಲಸ್ರಿ.”

ರಾಯರು ನಕ್ಕು ಒಂದು ಹಾಳೆ ಬಿಚ್ಚಿದರು. ಅದರಲ್ಲಿ ಅಕ್ಷರಕ್ಕಿಂತ ಗುರುತುಗಳೇ ಹೆಚ್ಚು. ಗಂಡಸಿಗೆ ಮೂರು ಮೂಲೆಯ ಗುರುತು, ಹೆಂಗಸಿಗೆ ದುಂಡನೆಯ ಗುರುತು. ಎರಡರ ನಡುವೆ ಅಡ್ಡಗೆರೆ ಎಳೆದರೆ ಲಗ್ನ, ಅಲ್ಲಿಂದ ಕೆಳಗೆ ಗೆರೆ ಇಳಿದರೆ ಮಕ್ಕಳು, ಮೇಲೆ ಏರಿದರೆ ತಂದೆ ತಾಯಿ. ಸತ್ತವರ ಗುರುತಿನ ಮೇಲೆ ಒಂದು ಓರೆಗೆರೆ. ಹೆಂಗಸರಿಗೆಲ್ಲ ನೀವು ಬಳೆಯನ್ನೇ ಇಟ್ಟಿದ್ದೀರಲ್ಲ ಎಂದಳು ಹಾಜರಾಬಿ. ಎರಡು ದಿನದಲ್ಲಿ ಆಕೆಗೆ ಆ ಹಾಳೆ ಓದಲು ಬಂದುಬಿಟ್ಟಿತು. ಮನೆ ತೋರಿಸಿದರೆ ಯಾರದು ಎಂದು ಬೆರಳಿಟ್ಟು ಹೇಳುವಳು. ರಾಯರಿಗೆ ಖುಷಿಯಾಯಿತು. ಆಕೆಗೆ ಮಾತ್ರ ದಿಗಿಲಾಯಿತು. ಅಕ್ಷರ ಬಾರದ ತನಗೇ ಇಷ್ಟು ಸಲೀಸಾಗಿ ತಿಳಿಯುವ ಹಾಳೆ, ನಾಳೆ ಯಾರ ಕೈಗೆ ಸಿಕ್ಕರೂ ತಿಳಿಯುತ್ತದೆ.

ಸಂಜೆ ಶಿಗ್ಗಾಂವಿನ ಬಿಡಾರದಲ್ಲಿ ರಾಯರು ಹಾಳೆಗಳನ್ನು ನೆಲದ ಮೇಲೆ ಹಾಸಿ ಒಂದರ ಪಕ್ಕ ಒಂದಿಟ್ಟು ನೋಡುವರು. ಈ ಹಾಳೆಯಿಂದ ಹೊರಗೆ ಹೋದ ಮಗಳು ಇನ್ನೊಂದು ಹಾಳೆಯಲ್ಲಿ ಸೊಸೆಯಾಗಿ ಇಳಿಯಲೇಬೇಕು, ಇಳಿಯದಿದ್ದರೆ ಎಲ್ಲೋ ಯಾರೋ ನನಗೆ ಸುಳ್ಳು ಹೇಳಿದ್ದಾರೆ ಎಂದರ್ಥ, ಎಂದು ಅವರೇ ಒಂದು ದಿನ ಹೇಳಿದರು. ಆ ದಿನ ಹಾಜರಾಬಿ ಗುತ್ತೆವ್ವನ ಮನೆಯ ಸರದಿಗೆ ಇನ್ನೆಷ್ಟು ದಿನ ಎಂದು ಎಣಿಸಿದಳು. ಅದೇ ಸಂಜೆ ಅವರು ಆಫ್ರಿಕಾದ ದಕ್ಷಿಣದ ತುದಿಯ ಒಂದು ಜನದ ಮಾತು ತೆಗೆದರು. ಅಲ್ಲಿಯ ಸೊಸೆಯಂದಿರೂ ಮಾವನ ಹೆಸರು ಹೇಳುವುದಿಲ್ಲವಂತೆ; ಅಷ್ಟೇ ಅಲ್ಲ, ಆ ಹೆಸರಿನ ದನಿ ಬರುವ ಬೇರೆ ಮಾತನ್ನೂ ಆಡದೆ ಇನ್ನೊಂದು ಮಾತು ಹುಡುಕಿಕೊಳ್ಳುತ್ತಾರಂತೆ. ಸಮುದ್ರದ ಆಚೆಗಿನ ಹೆಂಗಸರ ಬಾಯಲ್ಲಿ ಏನು ಬರುವುದಿಲ್ಲ ಎಂಬುದನ್ನೂ ಪತ್ತೆ ಹಚ್ಚಿದ ಮನುಷ್ಯ ಇವನು ಎಂದು ಹಾಜರಾಬಿ ಮನಸ್ಸಿನಲ್ಲೇ ಅಂದುಕೊಂಡಳು. ಮೆಲುದನಿಯ ಮಾತು, ಬಿಸಿಲಿಗೆ ಬಂದವರಿಗೆ ಮೊದಲು ನೀರು ಕೊಡುವ ರೂಢಿ. ಇಷ್ಟು ಒಳ್ಳೆಯತನ ಯಾಕೆ? ಆಕೆಗೆ ಅದೂ ಸರಿಬೀಳಲಿಲ್ಲ.

ಭರಮಪ್ಪನ ಮನೆಯ ಸರದಿ ಬಂದ ದಿನ ಹಾಜರಾಬಿ ಮೊದಲೇ ಒಳಗೆ ಹೋಗಿ ಮಲಾರ ಬಿಚ್ಚಿ ಗುತ್ತೆವ್ವನ ಕೈ ಹಿಡಿದು ಕುಳಿತಳು. ಕಟ್ಟೆಯ ಮೇಲೆ ರಾಯರು ಕೆಮ್ಮುವುದು ಕೇಳುತ್ತಿತ್ತು.

“ಅಂವನ್ನ ಯಾಕ ಕರ್ಕೊಂಡ ಬಂದಿ ಹಾಜರಕ್ಕ?” ಎಂದಳು ಗುತ್ತೆವ್ವ, ತುಟಿ ಅಲುಗಿಸದೆ.

“ಅಂವ ಬರಾಂವನ ಇದ್ದ ತಂಗಿ. ನಾ ಬೆನ್ನ ಹತ್ತಿ ಬಂದೇನಿ.”

“ಯಾರು ಕಳಿಸ್ಯಾರ ಅಂವನ್ನ?”

“ಪುಸ್ತಕಾ ಬರೀತಾನಂತ.”

“ನನ್ನ ಹೆಸರ ಇಲ್ಲದ ಪುಸ್ತಕಾ ಆಗಂಗಿಲ್ಲೇನು ಅಂವಗ?”

ಹಾಜರಾಬಿ ಹೊರಗೆ ಬಂದು, ಮೊದಲ ಗಂಡ ತೀರಿಕೊಂಡಿದ್ದಾನೆ, ಹೆಸರು ಆಕೆ ಹೇಳುವಂತಿಲ್ಲ, ತನಗೂ ಗೊತ್ತಿಲ್ಲ ಎಂದು ವರದಿ ಮಾಡಿದಳು. ರಾಯರು ಮೂರು ಮೂಲೆಯ ಗುರುತು ಹಾಕಿ ಓರೆಗೆರೆ ಎಳೆದರು. ತವರು ಯಾವುದು ಎಂದರು. ಹಾಜರಾಬಿ ಬಾಯಿ ತೆರೆಯುವುದರೊಳಗೆ ಬಾಗಿಲಲ್ಲಿ ನಿಂತಿದ್ದ ಶಾರವ್ವ, ನಮ್ಮವ್ವ ಹಿರೇಕೆರೂರು ಸೀಮೆಯವಳು ಎಂದುಬಿಟ್ಟಳು. ಪಾಪ, ಆ ಹುಡುಗಿಗೆ ಏನೂ ಗೊತ್ತಿರಲಿಲ್ಲ. ಗುತ್ತೆವ್ವನ ದುಂಡು ಗುರುತಿನ ಮೇಲೆ ಮಾತ್ರ ಯಾವ ಗೆರೆಯೂ ಏರಲಿಲ್ಲ. ಇಡೀ ಹಾಳೆಯಲ್ಲಿ ಹಾಗೆ ಬೋಳಾಗಿ ಉಳಿದದ್ದು ಅದೊಂದೇ. ಆ ಕಡೆ ಹೋದಾಗ ಹುಡುಕೋಣ ಎಂದರು ರಾಯರು.

ಅಷ್ಟಕ್ಕೇ ಎದ್ದು ಹೋಗುತ್ತಾರೆ ಎನ್ನುವಾಗ ಅವರು ಇನ್ನೊಂದು ಕೇಳಿದರು. ಓಣಿಯ ಮನೆಗಳ ಪಟ್ಟಿ ಸರಿಯಿದೆಯೋ ಇಲ್ಲವೋ ನೋಡಬೇಕು, ಸಾಲಾಗಿ ಹೇಳಿ ಎಂದು. ಗುತ್ತೆವ್ವ ಬಾಗಿಲ ಮರೆಯಿಂದಲೇ ಹೇಳಿದಳು: ಗುರುಸಿದ್ದಪ್ಪನವರು, ಬಡಿಗೇರ ಮನಿ, ಯಂಕವ್ವನ ಮನಿ, ಬೇವಿನಗಿಡದ ಮನಿಯವರು. ಬೇವಿನಗಿಡದ ಮನೆ ಎಂದರೆ ಯಾರದು ಎಂದು ರಾಯರು ಕೇಳಿದರು. ಬೇವಿನಗಿಡದ ಮನಿಯವರು ಅಂದರೆ ಬೇವಿನಗಿಡದ ಮನಿಯವರು ಎಂದಳು ಗುತ್ತೆವ್ವ. ರಾಯರ ಪೆನ್ಸಿಲು ಒಂದು ಗಳಿಗೆ ನಿಂತು ಮತ್ತೆ ಓಡಿತು. ಹಾಜರಾಬಿ ಅದನ್ನು ನೋಡಿದಳು. ಯಾಕೆ ನಿಂತಿತು ಎಂಬುದು ತಿಳಿಯಲಿಲ್ಲ.

ತಿಳಿದದ್ದು ತಿಂಗಳ ಮೇಲೆ, ಹಾನಗಲ್ಲ ಸೀಮೆ ಮುಗಿಸಿ ಅಕ್ಕಿಆಲೂರಿನಿಂದ ಮುಂದೆ ಚಕ್ಕಡಿಯಲ್ಲಿ ಹೋಗುವಾಗ.

“ಹಾಜರಾಬಿಯವರ, ಗುತ್ತೆವ್ವ ಆ ಬೇವಿನಗಿಡದ ಮನಿ ಯಜಮಾನನ ಹೆಸರ ಯಾಕ ಹೇಳಲಿಲ್ಲ?”

“ಮರತಿರಬೇಕ್ರಿ.”

“ಹದಿನೇಳು ವರ್ಷದಿಂದ ಎದರ ಮನಿ. ಮರೀತಾರೇನ್ರಿ?” ರಾಯರು ಬಯ್ಯುವ ದನಿಯಲ್ಲಿ ಹೇಳಲಿಲ್ಲ, ಲೆಕ್ಕ ಬಿಡಿಸುವವರ ಹಾಗೆ ಹೇಳಿದರು. “ಓಣಿಯವರೆಲ್ಲಾ ಗಿರಿಯಪ್ಪನ ಮನಿ ಅಂದ್ರು. ಅಂವ ಆಕಿಗೆ ಮಾವ ಅಲ್ಲ, ಮೈದುನ ಅಲ್ಲ, ಏನೂ ಅಲ್ಲ. ನಾ ಎಲ್ಲಾ ಹಾಳಿ ನೋಡೇನಿ. ಹಂಗಾರ ಆಕಿ ಬಾಯಾಗ ಬರಬಾರದ್ದು ಅದ ಹೆಸರಿನ ಮತ್ತೊಬ್ಬಂದು. ಮೊದಲಿನ ಗಂಡ ಗಿರಿಯಪ್ಪ ಇರಬೇಕು.”

ಹಾಜರಾಬಿ ಎತ್ತುಗಳ ಬೆನ್ನು ನೋಡುತ್ತ ಕುಳಿತಳು. ಹದಿನೇಳು ವರ್ಷದಲ್ಲಿ ಹಿರೇಬೆಂಡಿಗೇರಿಯ ಒಬ್ಬರೂ ಇದನ್ನು ಗಮನಿಸಿರಲಿಲ್ಲ. ತಾನೂ ಗಮನಿಸಿರಲಿಲ್ಲ. ಭರಮಪ್ಪನ ಹೆಸರನ್ನು ಗುತ್ತೆವ್ವ ಹೇಳುತ್ತಿರಲಿಲ್ಲ, ಅದು ಸರಿ. ಆದರೆ ಕೈ ಮುರಿದವನ ಹೆಸರನ್ನೂ ಅಷ್ಟೇ ಜೋಪಾನವಾಗಿ ಇಟ್ಟುಕೊಂಡಿದ್ದಳೆಂದರೆ? ಹಾಜರಾಬಿಗೆ ರಾಯರಿಗಿಂತ ಗುತ್ತೆವ್ವನ ಮೇಲೆ ಸಿಟ್ಟು ಬಂತು. ಗಿರಿಯಪ್ಪ ಎಂದು ಒಮ್ಮೆ ಅಂದುಬಿಟ್ಟಿದ್ದರೆ ಈ ಮನುಷ್ಯನಿಗೆ ಎಳೆ ಸಿಗುತ್ತಿರಲಿಲ್ಲ. ಗಿರಿಯಪ್ಪ ಎಂಬವರು ಸಾವಿರ ಜನ ಇದ್ದಾರೆ ಎಂದಷ್ಟೇ ಹೇಳಿದಳು. ಹೌದು, ನೋಡೋಣ ಎಂದರು ರಾಯರು.

ಹಿರೇಕೆರೂರಿನಲ್ಲಿ ಚಕ್ಕಡಿ ನಿಂತಾಗ ರಾಯರು ಕೈಕಾಲು ತೊಳೆಯಲು ಬಾವಿಯ ಕಡೆ ಹೋದರು. ಪೆಟ್ಟಿಗೆ ಚಕ್ಕಡಿಯಲ್ಲೇ ಇತ್ತು, ಕೀಲಿ ಹಾಕಿರಲಿಲ್ಲ. ಹಾಜರಾಬಿ ಮುಚ್ಚಳ ತೆಗೆದಳು. ಮೇಲೆ ಗೆರೆ ಇಲ್ಲದ ಆ ಒಂಟಿ ದುಂಡಿನ ಹಾಳೆ ಹುಡುಕಲು ಹೊತ್ತು ಹಿಡಿಯಲಿಲ್ಲ. ಮಡಚಿ ಸೆರಗಿನೊಳಗೆ ಇಟ್ಟೂ ಆಯಿತು. ಆಮೇಲೆ ಯೋಚನೆ ಬಂತು. ಹಾಳೆ ಕಳೆದರೆ ರಾಯರು ಸುಮ್ಮನಿರುವ ಜನವಲ್ಲ, ಮತ್ತೆ ಅದೇ ಓಣಿಗೆ ಹೋಗಿ ಅದೇ ಪ್ರಶ್ನೆ ಕೇಳುತ್ತಾರೆ, ಈ ಸಲ ಇನ್ನೂ ಮೊನೆ ಮಾಡಿಕೊಂಡು ಕೇಳುತ್ತಾರೆ. ಹಾಳೆಯನ್ನು ಇದ್ದಲ್ಲೇ ಇಟ್ಟು ಮುಚ್ಚಳ ಹಾಕಿದಳು. ಬಾವಿಯಿಂದ ತಿರುಗಿ ಬಂದ ರಾಯರು ಪೆಟ್ಟಿಗೆ ನೋಡಿದರು, ಆಕೆಯನ್ನು ನೋಡಿದರು, ಮುಖ ಒರೆಸಿಕೊಂಡರು. ಆ ದಿನದಿಂದ ಪೆಟ್ಟಿಗೆಗೆ ಕೀಲಿ ಬಿತ್ತು.

ಮಾಸೂರಿನಲ್ಲಿ ಗುತ್ತೆವ್ವನ ಸುದ್ದಿ ಎರಡು ಬಗೆಯಾಗಿತ್ತು. ಹೊಳೆಯ ಪಾಲಾದಳು ಎನ್ನುವವರು ಕೆಲವರು, ಯಾರ ಜೊತೆಗೋ ಹೋದಳು ಎನ್ನುವವರು ಕೆಲವರು. ಗಿರಿಯಪ್ಪ ಮಾತ್ರ ಏನಾದರೂ ಅಂದದ್ದನ್ನು ಹಾಜರಾಬಿ ಕೇಳಿರಲಿಲ್ಲ. ಆಮೇಲೆಯೂ ಆಕೆ ಮಾಸೂರಿಗೆ ಬರುವುದನ್ನು ಬಿಟ್ಟಿರಲಿಲ್ಲ. ಬಿಟ್ಟಿದ್ದರೆ ಜನ ತನ್ನ ಕಡೆ ಬೆರಳು ಮಾಡುತ್ತಿದ್ದರು. ಗಿರಿಯಪ್ಪನ ಮನೆಯ ಮೆಟ್ಟಿಲು ಮಾತ್ರ ಹತ್ತಿರಲಿಲ್ಲ. ಅವನ ಎರಡನೆಯ ಹೆಂಡತಿ ಪಕ್ಕದ ಮನೆಗೆ ಬಂದು ಬಳೆ ಇಡಿಸಿಕೊಂಡು ಹೋಗುವಳು. ಆಕೆಯ ಕೈ ನೋಡುವಾಗಲೆಲ್ಲ ಹಾಜರಾಬಿ ಎಲುಬು ಮುಟ್ಟಿ ನೋಡುತ್ತಿದ್ದಳು. ನೆಟ್ಟಗಿದ್ದವು.

ಗಿರಿಯಪ್ಪನ ಅಂಗಳದಲ್ಲಿ ರಾಯರು ಚಾಪೆಯ ಮೇಲೆ ಕುಳಿತು ಅವನ ಅಜ್ಜ, ಮುತ್ತಜ್ಜ ಎಲ್ಲರನ್ನೂ ಬರೆದುಕೊಂಡರು. ಗಿರಿಯಪ್ಪ ಈಗ ತಲೆ ನೆರೆತ ಮನುಷ್ಯ. ಚೆನ್ನಾಗಿಯೇ ಮಾತಾಡಿದ. ಒಳಗಿನ ಬಾಗಿಲಲ್ಲಿ ಎರಡನೆಯ ಹೆಂಡತಿ, ಆಕೆಯ ಹಿಂದೆ ಬೇರೆ ಊರಿನಿಂದ ಬಂದಿದ್ದ ಆಕೆಯ ಮುದಿ ಅಪ್ಪ, ನಾಲ್ಕು ಮಕ್ಕಳು. ಹಾಜರಾಬಿ ಗೋಡೆಗೆ ಒರಗಿ ನಿಂತಿದ್ದಳು.

ಇದು ಎರಡನೆಯ ಸಂಬಂಧ ಎಂದು ಕೇಳಿದ್ದೇನೆ, ಮೊದಲನೆಯಾಕೆ ಯಾರು ಎಂದು ರಾಯರು ಕೇಳಿದರು.

“ಗುತ್ತೆವ್ವ ಅಂತ,” ಎಂದ ಗಿರಿಯಪ್ಪ. “ಸತ್ತಳು.”

“ಹೆಂಗ?”

“ಹೊಳಿಗೆ ಬಿದ್ಲು. ಎರಡ ದಿನಕ್ಕ ಹೆಣಾ ಸಿಕ್ತು. ನಾನ ನಿಂತು ಮಣ್ಣ ಕೊಟ್ಟೇನಿ.” ಅವನು ತಲೆ ಎತ್ತಿ ಹಾಜರಾಬಿಯನ್ನು ನೋಡಿದ. ಕಣ್ಣು ಮಿಟುಕಿಸಲಿಲ್ಲ. “ಬೇಕಾದ್ರ ಈ ಬಳಿಗಾರ ಅಕ್ಕನ್ನ ಕೇಳ್ರಿ. ಆ ಪಂಚಮಿಗೆ ಆಕಿನೂ ಊರಾಗ ಇದ್ದಳು.”

ಹೆಣವೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಆ ಮುದಿ ಅಪ್ಪ ಬಾಗಿಲಿನಿಂದ ಒಂದು ಹೆಜ್ಜೆ ಮುಂದೆ ಬಂದು ಕಿವಿಗೊಟ್ಟ. ಮೊದಲನೆಯವಳು ಸತ್ತಿದ್ದಾಳೆ ಎಂದು ಆಣೆ ಮಾಡಿಸಿಕೊಂಡೇ ಅವನು ಮಗಳನ್ನು ಕೊಟ್ಟಿರಬೇಕು. ಈ ಗಿರಿಯಪ್ಪ ತನ್ನನ್ನು ಹೆದರಿಸುತ್ತಿದ್ದಾನೋ, ಬೇಡಿಕೊಳ್ಳುತ್ತಿದ್ದಾನೋ, ಸಿಕ್ಕಿಸಿ ಹಾಕುತ್ತಿದ್ದಾನೋ? ಹಾಜರಾಬಿಗೆ ಗೊತ್ತಾಗಲಿಲ್ಲ. ಹೌದೆಂದರೆ ತಾನು ಅವನ ಸುಳ್ಳಿಗೆ ಸಾಕ್ಷಿ. ಅಲ್ಲವೆಂದರೆ ಎಲ್ಲಿದ್ದಾಳೆ ಎಂಬುದು ಮುಂದಿನ ಪ್ರಶ್ನೆ.

“ಖರೇರಿ,” ಎಂದಳು. “ಮಣ್ಣಾಗಿದ್ದು ನನಗೂ ಗೊತ್ತೈತಿ.”

ರಾಯರು ದುಂಡು ಗುರುತು ಬರೆದು ಅದರ ಮೇಲೆ ನಿಧಾನವಾಗಿ ಓರೆಗೆರೆ ಎಳೆದರು.

ಊರು ದಾಟಿದ ಮೇಲೆ ಅವರು ಪೆಟ್ಟಿಗೆಯ ಕೀಲಿ ತೆಗೆದು ಎರಡೂ ಹಾಳೆಗಳನ್ನು ತೊಡೆಯ ಮೇಲೆ ಇಟ್ಟುಕೊಂಡರು. ಒಂದರಲ್ಲಿ ಗಂಡ ಸತ್ತಿದ್ದ, ಹೆಂಡತಿ ಇದ್ದಳು. ಇನ್ನೊಂದರಲ್ಲಿ ಹೆಂಡತಿ ಸತ್ತಿದ್ದಳು, ಗಂಡ ಇದ್ದ. ರಾಯರು ಎರಡೂ ಹಾಳೆಯ ಗುತ್ತೆವ್ವನ ಗುರುತುಗಳ ಮೇಲೆ ಒಂದೊಂದು ಬೆರಳಿಟ್ಟರು. ಹಾಜರಾಬಿ ನೇರವಾಗಿಯೇ ಕೇಳಿದಳು.

“ಹರದ ಹಾಕ್ರಿ ರಾಯರ ಆ ಭರಮಪ್ಪನ ಮನಿ ಹಾಳಿ.”

“ಒಂದ ಹಾಳಿ ಹರದ್ರ ಉಳದ ಇಪ್ಪತ್ತ ಮನಿ ತಪ್ಪತಾವ. ಪುಸ್ತಕದಾಗ ನಾ ಯಾರ ಹೆಸರೂ ಖರೇ ಹಾಕಂಗಿಲ್ಲ. ಊರಿಗೂ ಬ್ಯಾರೆ ಹೆಸರ ಇಡ್ತೇನಿ. ನನ್ನ ನಂಬ್ರಿ.”

“ಪುಸ್ತಕಾ ನಂಬತೇನ್ರಿ. ಈ ಹಾಳಿ ಎಲ್ಲಿರ್ತಾವ?”

“ಮುಂಬಯಿಯಾಗ. ನನ್ನ ಪೆಟಗಿಯಾಗ.”

“ನಿಮ್ಮ ಹಿಂದ ಆ ಪೆಟಗಿ ಯಾರ ತಗೀತಾರ?”

ರಾಯರು ಹಾಳೆಗಳನ್ನು ಬೇರೆ ಬೇರೆ ಕಟ್ಟಿನಲ್ಲಿ ಸೇರಿಸಿ ದಾರ ಸುತ್ತಿದರು. ಹಾವೇರಿಯ ಸ್ಟೇಶನ್ನಿನಲ್ಲಿ ರೈಲು ಹತ್ತುವಾಗ ಕೈಮುಗಿದರು. ಆಮೇಲೆ ಅವರ ಪುಸ್ತಕವಾಯಿತೋ ಇಲ್ಲವೋ, ಆ ಕಟ್ಟುಗಳು ಯಾರ ಮನೆಯಲ್ಲಿ ಉಳಿದವೋ, ಹಾಜರಾಬಿಗೆ ತಿಳಿಯಲಿಲ್ಲ. ಕೋಟು ಹಾಕಿದವರು ಯಾರೇ ಊರಿಗೆ ಬಂದರೂ ಆಕೆ ಮೊದಲು ಅವರ ಕಂಕುಳಲ್ಲಿ ಕಾಗದ ಇದೆಯೋ ಎಂದು ನೋಡುವಳು.

ರೈಲು ಹೋದ ಮೇಲೆ ಆಕೆ ಊರಿಗೆ ಹೋಗದೆ ನೇರವಾಗಿ ಹಿರೇಬೆಂಡಿಗೇರಿಗೆ ನಡೆದಳು. ಒಳ್ಳೆಯ ಸುದ್ದಿ ತಂದಿದ್ದೇನೆ ಎಂದೇ ಆಕೆಯ ನಂಬಿಕೆ. ಮಾಸೂರಿನಲ್ಲಿ ನೀನು ಸತ್ತಿದ್ದೀ. ಅದನ್ನು ಅವನೇ ನಾಲ್ಕು ಜನರೆದುರು ಹೇಳಿದ್ದಾನೆ. ಇನ್ನು ಅವನು ಬಾಯಿ ಬಿಟ್ಟರೆ ಅವನ ಸಂಸಾರವೇ ಹಾಳಾಗುತ್ತದೆ. ಗುತ್ತೆವ್ವ ಅದನ್ನೆಲ್ಲ ಕೇಳಿದಳು. ಒಳಗೆ ಬಾ ಎನ್ನಲಿಲ್ಲ. ಕಟ್ಟೆಯ ಮೇಲೆಯೇ ಮಜ್ಜಿಗೆ ತಂದುಕೊಟ್ಟಳು.

“ನೀ ಹೋಗಿದ್ದಿ ಅಲ್ಲಿಗೆ. ಅಂವನ ಮುಂದ ನಿಂತಿದ್ದಿ.”

“ನಿನ್ನ ಸಲುವಾಗಿ ನಿಂತೆ ತಂಗಿ.”

“ಇರಬಹುದು. ಆದ್ರ ಇಲ್ಲಿದ್ದವ್ರಿಗೆ ಅಲ್ಲೀದು ಗೊತ್ತಿಲ್ಲ, ಅಲ್ಲಿದ್ದವ್ರಿಗೆ ಇಲ್ಲೀದು ಗೊತ್ತಿಲ್ಲ. ಎರಡೂ ಗೊತ್ತಿದ್ದಾಕಿ ನೀ ಒಬ್ಬಾಕಿ. ವರ್ಷಕ್ಕ ನಾಕ ಸಲ ಅಲ್ಲಿಂದ ಇಲ್ಲಿಗೆ ಬರ್ತಿ. ಇಷ್ಟ ದಿನಾ ನನಗ ಅದು ಹೊಳದಿದ್ದಿಲ್ಲ.” ಗುತ್ತೆವ್ವ ಲೋಟ ತೆಗೆದುಕೊಂಡು ಎದ್ದಳು. “ಲಗ್ನದ ಬಳಿಗೆ ಬಂಕಾಪುರದ ಬಳಿಗಾರಗ ಹೇಳೇವಿ. ನೀ ಬ್ಯಾಸರ ಮಾಡ್ಕೋಬ್ಯಾಡ.”

ಆ ಮನೆಯ ಬಳೆ ತಪ್ಪಿದ್ದು ಹಾಜರಾಬಿಗೆ ಅವಮಾನವೇ. ಲಗ್ನದ ಮನೆಗೆ ಹಳೆಯ ಬಳೆಗಾರಳನ್ನು ಬಿಟ್ಟು ಹೊಸಬನನ್ನು ಕರೆಸಿದರೆ ಊರು ಸುಮ್ಮನಿರುವುದಿಲ್ಲ. ಏನೋ ಕದ್ದಿದ್ದಾಳೆ, ಏನೋ ಆಡಿದ್ದಾಳೆ ಎನ್ನುತ್ತದೆ. ಅಂದರು ಕೂಡ. ಎರಡು ಮೂರು ಮನೆಯವರು ಆಕೆಯನ್ನು ಬಾಗಿಲಲ್ಲೇ ನಿಲ್ಲಿಸಿ ಬಳೆ ಇಡಿಸಿಕೊಂಡರು. ಶಾರವ್ವನ ಲಗ್ನ ಮಾತ್ರ ಗೊತ್ತುಮಾಡಿದ್ದ ದಿನವೇ ಆಯಿತು. ಮಾಸೂರಿನಿಂದ ಯಾರೂ ಬರಲಿಲ್ಲ, ಪಂಚರು ಕೂಡಲಿಲ್ಲ. ಹಾಜರಾಬಿ ಆ ದಿನ ಶಿಗ್ಗಾಂವಿನ ಸಂತೆಯಲ್ಲಿ ಕುಳಿತು, ಆ ಕಡೆಯಿಂದ ಬಂದವರನ್ನೆಲ್ಲ ಒಂದಲ್ಲ ಒಂದು ನೆವ ಮಾಡಿ ಕೇಳಿದಳು. ಊಟ ಚೆನ್ನಾಗಿತ್ತು ಎಂದರು.

ಮುಂದಿನ ಪಂಚಮಿಗೆ ಮಲಾರ ಕಟ್ಟಿದಾಗ ಆಕೆ ಅಕ್ಕಿಆಲೂರಿನ ತನಕ ಹೋದಳು. ಅಲ್ಲಿ ನೆಂಟಳಾದ ರಹಿಮಾಬಿಯ ಮನೆಯಲ್ಲಿ ಒಂದು ದಿನ ಇದ್ದು, ಹಿರೇಕೆರೂರು ಮಾಸೂರುಗಳ ತನ್ನ ಗಿರಾಕಿ ಮನೆಗಳನ್ನೆಲ್ಲ ಆಕೆಗೆ ಬಿಟ್ಟುಕೊಟ್ಟು ತಿರುಗಿದಳು. ಮೊಣಕಾಲು ನೋವು ಎಂದು ಕಾರಣ ಹೇಳಿದಳು. ಅರ್ಧ ಸುತ್ತು ಹೋಯಿತು, ಅದರ ಜೊತೆಗೆ ಅರ್ಧ ದುಡಿಮೆಯೂ ಹೋಯಿತು. ಸಾಲದ್ದಕ್ಕೆ ಜಪಾನು ಯುದ್ಧಕ್ಕೆ ಇಳಿದ ಮೇಲೆ ಅಲ್ಲಿಯ ಗಾಜಿನ ಬಳೆ ಬರುವುದೇ ನಿಂತಿತು. ಹುಬ್ಬಳ್ಳಿಯಲ್ಲಿ ಸಿಕ್ಕಷ್ಟು ತಂದು, ಒರಟು ಬಳೆಗೆ ಹೆಣ್ಣುಮಕ್ಕಳಿಂದ ಬೈಸಿಕೊಂಡು ದಿನ ದೂಡಿದಳು. ಯಾಕೆ ಬಿಟ್ಟೆ ಎಂಬುದನ್ನು ಗುತ್ತೆವ್ವನಿಗೆ ಹೇಳಲಿಲ್ಲ. ಹೇಳಿದರೆ ಅದನ್ನೂ ಸಂಶಯದಿಂದಲೇ ಕೇಳಿಯಾಳು.

ನಲವತ್ತನಾಲ್ಕರಲ್ಲಿ ಶಾರವ್ವ ಚೊಚ್ಚಲ ಬಸುರಿಯಾಗಿ ತವರಿಗೆ ಬಂದಳು. ಏಳನೆಯ ತಿಂಗಳ ಹಸಿರು ಬಳೆಗೆ ಬಂಕಾಪುರದವನ ಹತ್ತಿರ ಮಾಲು ಇರಲಿಲ್ಲವೋ ಏನೋ, ಹಾಜರಾಬಿಗೆ ಕರೆ ಬಂತು. ಆಕೆ ಇದ್ದುದರಲ್ಲಿ ನಯವಾದವನ್ನು ಆರಿಸಿಕೊಂಡು ಹೋದಳು. ಗುತ್ತೆವ್ವ ಬಾಗಿಲಲ್ಲಿ ನಿಂತಿದ್ದಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು.

“ಮಾಸೂರ ಕಡೆ ಹೋಗಾಕತ್ತಿಯೇನು ಈಗ?”

“ಇಲ್ಲ. ಮೂರು ವರ್ಷಾತು ಬಿಟ್ಟು.”

“ಗೊತ್ತೈತಿ,” ಎಂದಳು ಗುತ್ತೆವ್ವ. “ನಾ ಕೇಳಿಸೇನಿ.”

ಯಾರ ಕೈಲೆ ಕೇಳಿಸಿದಿ, ಏನಂತ ಕೇಳಿಸಿದಿ, ಅವರಿಗೆ ಎಷ್ಟು ಗೊತ್ತಾತು ಎಂಬ ಮಾತುಗಳೆಲ್ಲ ಹಾಜರಾಬಿಯ ನಾಲಿಗೆಯ ತುದಿಗೆ ಬಂದವು. ಆಕೆ ಹೆಗಲ ಮೇಲಿನ ಮಲಾರ ಸರಿಮಾಡಿಕೊಂಡಳಷ್ಟೇ. ಗುತ್ತೆವ್ವ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ತನ್ನ ಕೈ ಚಾಚಲಿಲ್ಲ, ಮಗಳ ಕೈ ಹಿಡಿದು ಮುಂದೆ ಕೊಟ್ಟಳು. ಹಾಜರಾಬಿ ಒಳಗೆ ಕುಳಿತು ಶಾರವ್ವನ ಅಂಗೈಯನ್ನು ಹಿಸುಕಿ ಮೆತ್ತಗೆ ಮಾಡತೊಡಗಿದಳು. ಕೊನೆಯ ಬಳೆ ಏರುವ ತನಕ ಗುತ್ತೆವ್ವ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತು, ಕಣ್ಣು ಕೀಳದೆ ಹಾಜರಾಬಿಯ ಮುಖವನ್ನೇ ನೋಡುತ್ತಿದ್ದಳು.